ಮನೆಯಲ್ಲಿ ಸಾವಾದಾಗ: ಮೊದಲ ಗಂಟೆಯಿಂದ ಅಸ್ಥಿ ಕೈಸೇರುವವರೆಗೆ

ಸಾವಾದ ಮನೆಯಲ್ಲಿ ಎಲ್ಲವೂ ಈಗಲೇ ಆಗಬೇಕು ಅನ್ನಿಸುತ್ತದೆ. ನಿಜವಾಗಿ ಈಗಲೇ ಆಗಬೇಕಾದ್ದು ಬಹಳ ಕಡಿಮೆ. ಹೊತ್ತು ಮೀರಿದರೆ ಮತ್ತೆ ಮಾಡಲಾಗದ ಕೆಲಸಗಳು ಕೆಲವೇ ಇವೆ: ವೈದ್ಯರಿಂದ ಸಾವನ್ನು ಖಚಿತಪಡಿಸಿಕೊಳ್ಳುವುದು, ಕಣ್ಣು ಬಾಯಿ ಮುಚ್ಚಿ ಕೈಕಾಲು ನೇರ ಮಾಡುವುದು, ನೇತ್ರದಾನಕ್ಕೆ ಫೋನ್ ಮಾಡುವುದು, ದೇಹವನ್ನು ತಂಪಾಗಿಡುವುದು. ಮೊದಲು ಇವನ್ನು ಮುಗಿಸಿ. ವಾಹನ, ಹೂವು, ಬಂದವರಿಗೆ ಕುರ್ಚಿ, ಯಾರಿಗೆ ಮೊದಲು ಸುದ್ದಿ ಹೇಳಬೇಕು ಅನ್ನುವುದೆಲ್ಲ ಎರಡು ಗಂಟೆ ತಡವಾದರೂ ಏನೂ ಕೆಡುವುದಿಲ್ಲ.

ವೈದ್ಯರು ಮತ್ತು ಮೊದಲ ಕಾಗದ

ಕಾಯಿಲೆಯಿಂದ ಮಲಗಿದ್ದವರು ಮನೆಯಲ್ಲೇ ತೀರಿಕೊಂಡರೆ, ಕೊನೆಯ ದಿನಗಳಲ್ಲಿ ಅವರನ್ನು ನೋಡುತ್ತಿದ್ದ ವೈದ್ಯರಿಗೇ ಹೇಳಿಕಳಿಸಿ. ಕಾಯಿಲೆಯ ಹಿನ್ನೆಲೆ ಗೊತ್ತಿರುವವರು ಸಾವಿನ ಕಾರಣವನ್ನು ಧೈರ್ಯವಾಗಿ ಬರೆದುಕೊಡುತ್ತಾರೆ. ಗುರುತಿಲ್ಲದ ವೈದ್ಯರು ಬಂದರೆ ಪ್ರಾಣ ಹೋಗಿದೆ ಎಂದು ಹೇಳಬಹುದು, ಕಾರಣ ಬರೆಯಲು ಹಿಂಜರಿಯುತ್ತಾರೆ. ಅವರು ಹಿಂಜರಿಯುವುದು ಸರಿಯೇ. ಹಳೆಯ ಡಿಸ್‌ಚಾರ್ಜ್ ಸಮ್ಮರಿ, ಔಷಧಿ ಚೀಟಿ, ಸ್ಕ್ಯಾನ್ ವರದಿ, ಗುರುತಿನ ಚೀಟಿ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ ಅವರ ಮುಂದಿಡಿ.

ಬಿದ್ದು, ಮುಳುಗಿ, ಸುಟ್ಟು, ವಿಷದಿಂದ, ಕರೆಂಟು ಹೊಡೆದು, ಅಪಘಾತದಲ್ಲಿ ಸಾವಾಗಿದ್ದರೆ, ಆತ್ಮಹತ್ಯೆಯಾಗಿದ್ದರೆ, ಅಥವಾ ಗಟ್ಟಿಮುಟ್ಟಾಗಿದ್ದವರು ಕಾರಣ ತಿಳಿಯದೆ ಹೋಗಿಬಿಟ್ಟಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಅವರು ಬರುವವರೆಗೆ ದೇಹ ಕದಲಿಸಬೇಡಿ, ತೊಳೆಯಬೇಡಿ, ಬಟ್ಟೆ ಬದಲಿಸಬೇಡಿ, ಮೂಗಿನ ನಳಿಕೆಯನ್ನಾಗಲೀ ಕೈಯ ಸೂಜಿಯನ್ನಾಗಲೀ ಕೀಳಬೇಡಿ, ಪಕ್ಕದಲ್ಲಿರುವ ಲೋಟ ಮಾತ್ರೆಗಳನ್ನು ಎತ್ತಿಡಬೇಡಿ. ಮರಣೋತ್ತರ ಪರೀಕ್ಷೆ ತಪ್ಪಿಸಲು ‘ಎದೆನೋವು ಬಂತು ಅಂದುಬಿಡಿ’ ಎಂದು ಸಲಹೆ ಕೊಡುವವರು ಎಲ್ಲ ಕಡೆಯೂ ಇರುತ್ತಾರೆ. ಅವರ ಮಾತು ಕೇಳಬೇಡಿ. ಹೂತ ದೇಹವನ್ನು ಬೇಕಾದರೆ ಹೊರತೆಗೆದು ಪರೀಕ್ಷಿಸಬಹುದು. ಸುಟ್ಟ ಮೇಲೆ ವಿಷದ ಸುಳಿವಾಗಲೀ ಗಾಯದ ಗುರುತಾಗಲೀ ಉಳಿಯುವುದಿಲ್ಲ. ಡಿಎನ್‌ಎ ಕೂಡ ಸಾಮಾನ್ಯವಾಗಿ ಸಿಗುವುದಿಲ್ಲ. ಆಮೇಲೆ ವಿಮೆಯವರು ಪ್ರಶ್ನೆ ಎತ್ತಿದರೆ, ಮನೆಯೊಳಗೇ ಅನುಮಾನ ಹುಟ್ಟಿದರೆ, ಉತ್ತರ ಹುಡುಕಲು ಏನೂ ಇರುವುದಿಲ್ಲ. ಅನೇಕ ದೇಶಗಳಲ್ಲಿ ಹೂಳುವುದಕ್ಕಿಂತ ಸುಡುವುದಕ್ಕೆ ಹೆಚ್ಚು ಕಾಗದ ಕೇಳುವುದು ಇದೇ ಕಾರಣಕ್ಕೆ.

ವೈದ್ಯರು ಕೊಡುವುದು ಸಾವಿನ ಕಾರಣದ ಪತ್ರ. ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿ ಬರುವ ಮರಣ ಪ್ರಮಾಣಪತ್ರ ಬೇರೆ. ಮೊದಲನೆಯದು ಅಂತ್ಯಕ್ರಿಯೆಗೂ ನೋಂದಣಿಗೂ ಬೇಕು, ಎರಡನೆಯದು ಬ್ಯಾಂಕು, ವಿಮೆ, ಆಸ್ತಿಗೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನಮೂನೆಯಲ್ಲಿ ಕಾರಣವನ್ನು ಸರಪಳಿಯಾಗಿ ಬರೆಯಬೇಕು: ಮೇಲಿನ ಸಾಲಿನಲ್ಲಿ ನೇರ ಕಾರಣ, ಅದರ ಕೆಳಗೆ ಅದಕ್ಕೆ ದಾರಿಯಾದದ್ದು, ಕೊನೆಯಲ್ಲಿ ಮೂಲ ಕಾಯಿಲೆ. ‘ಹೃದಯ ಸ್ತಂಭನ’ ಎಂದಷ್ಟೇ ಬರೆದಿದ್ದರೆ ಮೂಲ ಕಾಯಿಲೆಯನ್ನೂ ಬರೆಯಿರಿ ಎಂದು ವಿನಯವಾಗಿ ಕೇಳಿ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ, ಅದು ಕಾರಣವಾಗುವುದಿಲ್ಲ.

ವೈದ್ಯರು ಹೊರಡುವ ಮೊದಲು ಹೆಸರಿನ ಪ್ರತಿ ಅಕ್ಷರವನ್ನೂ ಗುರುತಿನ ಚೀಟಿಯೊಂದಿಗೆ ಹೋಲಿಸಿ ನೋಡಿ. ತಾರೀಖಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ರಾತ್ರಿ 12 ದಾಟಿ ಸಾವಾದರೆ ಮನೆಯವರು ಬಾಯಲ್ಲಿ ‘ನಿನ್ನೆ ರಾತ್ರಿ’ ಅನ್ನುತ್ತಾರೆ, ಒಂದು ಕಾಗದದಲ್ಲಿ ಹಿಂದಿನ ದಿನ, ಇನ್ನೊಂದರಲ್ಲಿ ಮರುದಿನ ಬಿದ್ದುಬಿಡುತ್ತದೆ. ಇದನ್ನು ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ದೇಹ ಸೆಟೆಯುವ ಮೊದಲು

ಪ್ರಾಣ ಹೋದ ತಕ್ಷಣ ಎಲ್ಲ ಸ್ನಾಯುಗಳೂ ಸಡಿಲಾಗುತ್ತವೆ. 2ರಿಂದ 4 ಗಂಟೆಯಲ್ಲಿ ಸೆಟೆಯಲು ಶುರುವಾಗುತ್ತದೆ. ಮೊದಲು ರೆಪ್ಪೆ, ದವಡೆ, ಕತ್ತು, ಆಮೇಲೆ ಕೈಕಾಲು. ಸುಮಾರು 12 ಗಂಟೆಗೆ ಇಡೀ ದೇಹ ಬಿಗಿಯಾಗಿರುತ್ತದೆ, ಒಂದೂವರೆ ಎರಡು ದಿನದ ಹೊತ್ತಿಗೆ ಮತ್ತೆ ಸಡಿಲವಾಗುತ್ತದೆ. ಸೆಕೆ ಹೆಚ್ಚಿದ್ದರೆ, ಸಾಯುವಾಗ ಜ್ವರವಿದ್ದರೆ ಎಲ್ಲವೂ ಬೇಗ ಬೇಗ ನಡೆಯುತ್ತದೆ. ಆದ್ದರಿಂದ ಮುಖವನ್ನು ಸರಿಪಡಿಸಲು ನಿಮಗಿರುವುದು ಮೊದಲ ಒಂದೆರಡು ಗಂಟೆ ಮಾತ್ರ.

ದೇಹವನ್ನು ಅಂಗಾತ ಮಲಗಿಸಿ, ತಲೆಯ ಕೆಳಗೆ ಒಂದು ದಿಂಬು ಇಡಿ. ತಲೆ ಎತ್ತರದಲ್ಲಿದ್ದರೆ ರಕ್ತ ಮುಖಕ್ಕೆ ಇಳಿದು ನಿಲ್ಲುವುದಿಲ್ಲ, ಬಾಯಿಂದ ದ್ರವವೂ ಬರುವುದಿಲ್ಲ. ರೆಪ್ಪೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಇಳಿಸಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಮತ್ತೆ ತೆರೆದುಕೊಂಡರೆ ಒದ್ದೆ ಹತ್ತಿಯನ್ನು ಮೇಲಿಡಿ. ಕೃತಕ ಹಲ್ಲಿನ ಸೆಟ್ ಇದ್ದರೆ ಈಗಲೇ ಹಾಕಿ, ಸೆಟೆದ ಮೇಲೆ ಹಾಕಲು ಆಗುವುದಿಲ್ಲ. ಇಲ್ಲದಿದ್ದರೆ ಕೆನ್ನೆ ಒಳಗೆ ಹೋಗಿ ಮುಖವೇ ಬೇರೆಯಾಗಿ ಕಾಣುತ್ತದೆ. ಬಾಯಿ ಮುಚ್ಚಲು ಸಣ್ಣ ಟವೆಲನ್ನು ಬಿಗಿಯಾಗಿ ಸುತ್ತಿ ಗದ್ದದ ಕೆಳಗೆ, ಎದೆಗೆ ಆನಿಸಿ ಇಡಿ. ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟುವುದೂ ಸರಿ, ಆದರೆ ಅಗಲವಾದ ಮೆತ್ತನೆಯ ಬಟ್ಟೆಯೇ ಆಗಬೇಕು. ದಾರ ಅಥವಾ ಕಿರಿದಾದ ಪಟ್ಟಿ ಕಟ್ಟಿದರೆ ಕೆನ್ನೆಯ ಮೇಲೆ ಗೆರೆ ಬೀಳುತ್ತದೆ, ಆಮೇಲೆ ಅದು ಹೋಗುವುದಿಲ್ಲ. ನಾಲ್ಕೈದು ಗಂಟೆ ಕಳೆದ ಮೇಲೆ ಬಿಚ್ಚಬಹುದು, ದವಡೆ ತಾನಾಗಿ ನಿಲ್ಲುತ್ತದೆ.

ಮೂತ್ರ, ಮಲ ಹೊರಬರುವುದು ಸಹಜ. ಸೊಂಟದ ಕೆಳಗೆ ಡೈಪರ್ ಅಥವಾ ಹೀರಿಕೊಳ್ಳುವ ಹಾಳೆ ಹಾಕಿ. ಮಗ್ಗುಲು ತಿರುಗಿಸುವಾಗ ಶ್ವಾಸಕೋಶದಲ್ಲಿ ಉಳಿದ ಗಾಳಿ ಹೊರಬಂದು ನಿಟ್ಟುಸಿರಿನಂತೆ, ಕೆಲವೊಮ್ಮೆ ನರಳಿದಂತೆ ಕೇಳಿಸುತ್ತದೆ. ಜೀವ ಇದೆ ಎಂದು ಮನೆಯವರು ಕೂಗಿಕೊಳ್ಳುವುದು ಈ ಕ್ಷಣದಲ್ಲೇ. ಕೈಜೋಡಿಸುವವರಿಗೆ ಮೊದಲೇ ಹೇಳಿಡಿ. ಹಾಗೆಯೇ ಒಂದೆರಡು ಗಂಟೆಯಲ್ಲಿ ಬೆನ್ನು, ಪಿರ್ರೆ, ಕಾಲಿನ ಹಿಂಭಾಗದಲ್ಲಿ ನೇರಳೆ ಕೆಂಪು ಬಣ್ಣ ಕಾಣಿಸುತ್ತದೆ. ಹರಿಯುವುದು ನಿಂತ ರಕ್ತ ತಗ್ಗಿಗೆ ಇಳಿದಿರುತ್ತದೆ, ಅಷ್ಟೇ. ಯಾರೋ ಹೊಡೆದಿದ್ದಾರೆ ಎಂಬ ಗುಸುಗುಸು ಹುಟ್ಟುವುದು ಇದನ್ನು ನೋಡಿಯೇ.

ಉಂಗುರ, ಬಳೆ, ಸರ ತೆಗೆಯುವುದಿದ್ದರೆ ಇದೇ ಹೊತ್ತು. ಬೆರಳು ಊದಿದರೆ ಉಂಗುರವನ್ನು ಕತ್ತರಿಸಬೇಕಾಗುತ್ತದೆ. ಸೋಪಿನ ನೀರು ಹಚ್ಚಿ ತಿರುಗಿಸುತ್ತಾ ಎಳೆಯಿರಿ. ಇಬ್ಬರ ಎದುರಿಗೆ ತೆಗೆದು, ಪಟ್ಟಿ ಬರೆದು, ಫೋಟೊ ಹಿಡಿದು ಒಬ್ಬರ ಕೈಗೆ ಕೊಡಿ. ಕ್ಯಾನ್ಸರ್ ನೋವಿಗೆ ಚರ್ಮದ ಮೇಲೆ ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಕೈಗವಸು ಹಾಕಿಕೊಂಡು ತೆಗೆದು, ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು ಔಷಧಿ ಅಂಗಡಿಗೋ ಆಸ್ಪತ್ರೆಗೋ ಮರಳಿಸಿ. ಬಳಸಿದ ಪಟ್ಟಿಯಲ್ಲೂ ಮಗುವೊಂದರ ಉಸಿರು ನಿಲ್ಲಿಸುವಷ್ಟು ಔಷಧಿ ಉಳಿದಿರುತ್ತದೆ.

ಕಣ್ಣು ಕೊಡುವುದಿದ್ದರೆ

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾಗೆ ರಕ್ತನಾಳಗಳಿಲ್ಲ. ಹೃದಯ ನಿಂತ ಮೇಲೂ ಅದನ್ನು ತೆಗೆಯಬಹುದಾದದ್ದು ಅದರಿಂದಲೇ. ಆದರೆ ಸಾಮಾನ್ಯವಾಗಿ 6 ಗಂಟೆಯೊಳಗೆ ಆಗಬೇಕು. ವಯಸ್ಸಾಗಿತ್ತು, ಕನ್ನಡಕವಿತ್ತು, ಸಕ್ಕರೆ ಕಾಯಿಲೆಯಿತ್ತು, ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು ಎಂದು ನೀವೇ ತೀರ್ಮಾನಿಸಿ ಸುಮ್ಮನಾಗಬೇಡಿ. ಇವು ಯಾವುವೂ ಸಾಮಾನ್ಯವಾಗಿ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬೀಸ್, ರಕ್ತದ ಕ್ಯಾನ್ಸರ್ ಇದ್ದವರದ್ದು ಬಳಸುವುದಿಲ್ಲ. ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ತಂಡ ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯನ್ನು ಎತ್ತರದಲ್ಲಿಡಿ. ಫ್ಯಾನ್ ಆರಿಸಿ, ಎಸಿ ಇದ್ದರೆ ಹಾಕಿ. ಫ್ಯಾನಿನ ಗಾಳಿಗೆ ಕಾರ್ನಿಯಾ ಒಣಗಿದರೆ ದಾನ ವ್ಯರ್ಥ. ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ, ಮುಖ ಕೆಡುವುದಿಲ್ಲ, ಅಂತ್ಯಕ್ರಿಯೆ ತಡವಾಗುವುದಿಲ್ಲ.

ಇಡೀ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡುವ ಇಚ್ಛೆ ಇದ್ದರೆ, ಸತ್ತವರು ಸಹಿ ಮಾಡಿಟ್ಟ ಕಾರ್ಡು ಇದ್ದರೂ ಮನೆಯವರ ಒಪ್ಪಿಗೆ ಕೇಳುವುದು ರೂಢಿ. ಮರಣೋತ್ತರ ಪರೀಕ್ಷೆ ಆದ ದೇಹ, ಸೋಂಕು ರೋಗವಿದ್ದ ದೇಹ, ಕೊಳೆಯಲು ಶುರುವಾದ ದೇಹವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಬೇಡ ಎಂದರೆ ಮುಂದೇನು ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ.

ತಂಪು

ಕೊಳೆಯುವುದು ಹೊಟ್ಟೆಯಿಂದ ಶುರು. ಕರುಳಿನ ಬ್ಯಾಕ್ಟೀರಿಯಾಗಳೇ ಮೊದಲು ಕೆಲಸ ಮಾಡುವುದು. ಹಾಗಾಗಿ ತಂಪು ಬೇಕಾದ್ದು ಎದೆ ಮತ್ತು ಹೊಟ್ಟೆಗೆ. ತಲೆಯ ಸುತ್ತ ಐಸ್ ಇಟ್ಟು ಹೊಟ್ಟೆಯ ಮೇಲೆ ಎರಡು ಶಾಲು ಹೊದಿಸಿದರೆ ಉಪಯೋಗವಿಲ್ಲ. ಆರೆಂಟು ಗಂಟೆಯೊಳಗೆ ಎಲ್ಲ ಮುಗಿಯುವುದಿದ್ದರೆ ತಂಪಾದ ಕೋಣೆಯೇ ಸಾಕು. ರಾತ್ರಿ ಕಳೆಯಬೇಕಿದ್ದರೆ ಫ್ರೀಜರ್ ಬಾಕ್ಸ್ ತರಿಸಿ ಅಥವಾ ಶವಾಗಾರದಲ್ಲಿಡಿ, ಅಲ್ಲಿ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ.

ಫ್ರೀಜರ್ ಬಾಕ್ಸ್ ಬಂದ ತಕ್ಷಣ ಖಾಲಿ ಪೆಟ್ಟಿಗೆಯನ್ನೇ ಅರ್ಧ ಗಂಟೆ ಓಡಿಸಿ, ಒಳಗೆ ತಣ್ಣಗಾಗುತ್ತಿದೆಯೇ ಎಂದು ಕೈಯಿಟ್ಟು ನೋಡಿ. ಅರ್ತಿಂಗ್ ಇರುವ ಪ್ಲಗ್ಗಿಗೇ ಹಾಕಿ. ಸುತ್ತ ಒದ್ದೆ ನೆಲ, ಮುಟ್ಟಿ ಅಳುವ ಜನ, ಲೋಹದ ಪೆಟ್ಟಿಗೆ ಎಂದರೆ ಶಾಕ್ ಹೊಡೆಯಲು ಬೇಕಾದ್ದೆಲ್ಲ ಅಲ್ಲೇ ಇದೆ. ಬಂದವರೆಲ್ಲರಿಗೂ ಮುಚ್ಚಳ ತೆಗೆದು ತೋರಿಸುತ್ತಿದ್ದರೆ ತಂಪು ನಿಲ್ಲುವುದಿಲ್ಲ, ಗಾಜಿಗೆ ಹನಿ ಕಟ್ಟಿ ಮುಖವೂ ಕಾಣುವುದಿಲ್ಲ. ಕರೆಂಟು ಹೋದರೆ ಏನು ಮಾಡುವುದೆಂದು ಕೊಟ್ಟವರನ್ನೇ ಕೇಳಿ.

ಬಾಕ್ಸ್ ಸಿಗದಿದ್ದರೆ ಮಂಜುಗಡ್ಡೆಯನ್ನು ಸೋರದ ಚೀಲಗಳಲ್ಲಿ ಕಟ್ಟಿ ಬೆನ್ನಿನ ಕೆಳಗೆ, ಹೊಟ್ಟೆಯ ಮೇಲೆ, ಎರಡೂ ಪಕ್ಕಗಳಲ್ಲಿ ಇಡಿ. ಡ್ರೈ ಐಸ್ ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ; ಅದು ಇಂಗಾಲದ ಡೈಆಕ್ಸೈಡ್ ಆಗಿ ಆವಿಯಾಗುವುದರಿಂದ ಕಿಟಕಿ ತೆರೆದಿಡಿ, ಮುಚ್ಚಿದ ಕೋಣೆಯಲ್ಲಿ ಯಾರೂ ಮಲಗಬೇಡಿ.

ಎಂಬಾಮಿಂಗ್ ಅಂದರೆ ಫಾರ್ಮಾಲ್ಡಿಹೈಡ್ ದ್ರಾವಣವನ್ನು ರಕ್ತನಾಳಕ್ಕೆ ಹಾಯಿಸುವುದು. ದೇಹವನ್ನು ವಿಮಾನದಲ್ಲಿ ದೂರ ಸಾಗಿಸಬೇಕಿದ್ದರೆ ಸಾಮಾನ್ಯವಾಗಿ ಅದು ಬೇಕು, ಅದರ ಪ್ರಮಾಣಪತ್ರವೂ ಗಾಳಿಯಾಡದ ಪೆಟ್ಟಿಗೆಯೂ ಬೇಕು. ನಾಳೆಯೇ ಅಂತ್ಯಕ್ರಿಯೆ ಇದ್ದರೆ ತಂಪು ಸಾಕು, ಎಂಬಾಮಿಂಗಿಗೆ ದುಡ್ಡು ಹಾಕಬೇಡಿ.

ಪೇಸ್‌ಮೇಕರ್

ಇದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಮನೆಯವರು ಮರೆಯುವುದು ಇದನ್ನೇ. ಸುಡುವುದಿದ್ದರೆ ಪೇಸ್‌ಮೇಕರನ್ನು ಮೊದಲು ತೆಗೆಸಲೇಬೇಕು. ಅದರ ಲಿಥಿಯಂ ಬ್ಯಾಟರಿ ಬಿಸಿಗೆ ಸಿಡಿಯುತ್ತದೆ, ಒಲೆಯ ಇಟ್ಟಿಗೆ ಒಡೆಯುತ್ತದೆ, ಪಕ್ಕದಲ್ಲಿರುವವರಿಗೆ ಗಾಯವಾಗುತ್ತದೆ. ಕಾಲರ್ ಮೂಳೆಯ ಕೆಳಗೆ ಸಣ್ಣದಾಗಿ ಕೊಯ್ದು ಆಸ್ಪತ್ರೆ ಅಥವಾ ಶವಾಗಾರದವರು ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ಶಾಕ್ ಕೊಡುವ ಡಿಫಿಬ್ರಿಲೇಟರ್ ಒಳಗಿದ್ದರೆ ಅದನ್ನು ಯಂತ್ರದಿಂದ ನಿಷ್ಕ್ರಿಯಗೊಳಿಸಿದ ಮೇಲೆಯೇ ಕೊಯ್ಯಬೇಕು, ಇಲ್ಲದಿದ್ದರೆ ತೆಗೆಯುವವರಿಗೆ ಶಾಕ್ ಹೊಡೆಯಬಹುದು. ಕ್ಯಾನ್ಸರಿಗೆ ವಿಕಿರಣದ ಕಾಳುಗಳನ್ನು ಒಳಗಿಟ್ಟಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯನ್ನು ಕೇಳದೆ ಸುಡಬೇಡಿ. ಸೊಂಟದ ಕೀಲು, ಮೂಳೆಯ ಸ್ಕ್ರೂಗಳಿಂದ ತೊಂದರೆಯಿಲ್ಲ. ಹೂಳುವುದಿದ್ದರೆ ಪೇಸ್‌ಮೇಕರ್ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಜನ, ಹೊತ್ತು, ದುಡ್ಡು

ಅತಿ ಹತ್ತಿರದವರನ್ನು ಬಿಟ್ಟು, ಒಂದು ಹೆಜ್ಜೆ ಆಚೆಗಿನ ಒಬ್ಬರು ಎಲ್ಲವನ್ನೂ ವಹಿಸಿಕೊಳ್ಳಲಿ. ಅಳಿಯ, ಸೋದರಳಿಯ, ಹಳೆಯ ಸ್ನೇಹಿತರು ಇದಕ್ಕೆ ಸರಿ. ಕಾಗದಪತ್ರಕ್ಕೆ ಒಬ್ಬರು, ಫೋನಿಗೆ ಒಬ್ಬರು, ದುಡ್ಡಿಗೆ ಒಬ್ಬರು ಇರಲಿ. ನಾಲ್ಕು ಜನರ ಜೇಬಿನಿಂದ ದುಡ್ಡು ಹೋದರೆ ಆಮೇಲೆ ಲೆಕ್ಕ ಕೂಡುವುದೂ ಇಲ್ಲ, ಮನಸ್ಸೂ ಕೆಡುತ್ತದೆ.

ಮೊದಲು ಚಿತಾಗಾರದಲ್ಲೋ ಸ್ಮಶಾನದಲ್ಲೋ ಹೊತ್ತು ಗೊತ್ತುಮಾಡಿಕೊಳ್ಳಿ, ಆಮೇಲೆ ಜನರಿಗೆ ಸಮಯ ತಿಳಿಸಿ. ಇದು ತಿರುಗಾಮುರುಗಾ ಆದರೆ ಎರಡೆರಡು ಸಂದೇಶ ಹೋಗಿ, ದೂರದಿಂದ ಬಂದವರು ಮುಖ ನೋಡದೆ ಮರಳಬೇಕಾಗುತ್ತದೆ. ಸಂದೇಶದಲ್ಲಿ ಹೆಸರು, ಕೊನೆಯ ದರ್ಶನ ಎಲ್ಲಿ ಎಷ್ಟು ಗಂಟೆಯವರೆಗೆ, ಅಂತ್ಯಕ್ರಿಯೆ ಎಲ್ಲಿ ಎಷ್ಟು ಗಂಟೆಗೆ, ಯಾರಿಗೆ ಫೋನ್ ಮಾಡಬೇಕು ಇವಿಷ್ಟು ಸಾಕು. ಆ ಫೋನ್ ನಂಬರು ಹೆಂಡತಿ ಮಕ್ಕಳದ್ದಾಗಿರಬಾರದು.

ವ್ಯವಸ್ಥೆ ಮಾಡಿಕೊಡುವವರ ಹತ್ತಿರ ಮಾತಾಡುವಾಗ ಒಟ್ಟು ಮೊತ್ತದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ: ವಾಹನ, ಕಾಯುವ ಹೊತ್ತು, ಹೊರುವವರು, ಸ್ಮಶಾನದ ಶುಲ್ಕ. ‘ಅವರಿಗಾಗಿ ಇಷ್ಟೂ ಮಾಡದಿದ್ದರೆ ಹೇಗೆ’ ಎಂಬ ಮಾತು ಬಂದರೆ ಅಲ್ಲೇ ನಿಲ್ಲಿಸಿ, ದುಡ್ಡು ನೋಡಿಕೊಳ್ಳುವವರ ಕಡೆ ಕಳಿಸಿ. ದುಃಖದಲ್ಲಿರುವವರ ಹತ್ತಿರ ಹೀಗೆ ವಸೂಲಿ ಮಾಡುವುದು ಅನ್ಯಾಯ, ಒಪ್ಪಿಕೊಳ್ಳುವ ಹಂಗು ನಿಮಗಿಲ್ಲ.

ಮೆಟ್ಟಿಲು ಇಳಿಸುವಾಗ ಕಾಲು ಮುಂದಿರಲಿ, ತಲೆ ಮೇಲಿರಲಿ. ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸುತ್ತದೆಯೇ ಎಂದು ಹೊರಡುವ ಮೊದಲು ಅಳೆಯಿರಿ. ಹೆಗಲು ಕೊಡುವವರು ಆರು ಜನ, ಎದುರುಬದುರು ಒಂದೇ ಎತ್ತರದವರು ಇದ್ದರೆ ಓಲಾಡುವುದಿಲ್ಲ. ಎಲ್ಲರೂ ಸ್ಮಶಾನಕ್ಕೆ ಹೋದಾಗ ಮನೆಯಲ್ಲಿ ಒಬ್ಬರು ಉಳಿಯಲಿ. ಸಾವಿನ ಸುದ್ದಿ ಕಳ್ಳರಿಗೂ ಮುಟ್ಟುತ್ತದೆ. ಚಿಕ್ಕ ಮಕ್ಕಳಿಗೆ ‘ಮಲಗಿದ್ದಾರೆ’, ‘ಊರಿಗೆ ಹೋಗಿದ್ದಾರೆ’ ಅನ್ನಬೇಡಿ. ಸತ್ತುಹೋದರು, ಇನ್ನು ಬರುವುದಿಲ್ಲ ಎಂದು ಮೆಲುದನಿಯಲ್ಲಿ ನೇರವಾಗಿ ಹೇಳಿ. ಮಲಗಿದ್ದಾರೆ ಎಂದು ಕೇಳಿದ ಮಗು ತಾನು ಮಲಗಲು ಹೆದರುತ್ತದೆ.

ಬೆಂಕಿ, ಮಣ್ಣು

ವಿದ್ಯುತ್ ಅಥವಾ ಗ್ಯಾಸ್ ಚಿತಾಗಾರದ ಒಲೆ 800ರಿಂದ 1,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಒಬ್ಬ ವಯಸ್ಕರ ದೇಹಕ್ಕೆ ಒಂದರಿಂದ ಎರಡು ಗಂಟೆ ಬೇಕು. ದೇಹ ಬಹಳ ಭಾರವಿದ್ದರೆ ಹೊತ್ತು ಗೊತ್ತುಮಾಡುವಾಗಲೇ ಹೇಳಿ. ಕೊಬ್ಬು ಜೋರಾಗಿ ಉರಿಯುವುದರಿಂದ ಒಲೆ ತೀರಾ ಕಾಯುವ ಮೊದಲು, ದಿನದ ಮೊದಲ ಸರದಿಯಲ್ಲಿ ಇಡುತ್ತಾರೆ. ಒಲೆಯ ಬಾಗಿಲಿನ ಅಗಲವನ್ನೂ ಕೇಳಿಕೊಳ್ಳಿ. ಗಾಜಿನ ಬಾಟಲಿ, ಸ್ಪ್ರೇ ಡಬ್ಬಿ, ಮೊಬೈಲು, ಕೈಗಡಿಯಾರ, ಕಿವಿಯ ಯಂತ್ರ, ರಬ್ಬರ್ ಚಪ್ಪಲಿ, ಪ್ಲಾಸ್ಟಿಕ್ ಹಾರ ಇವು ಯಾವುವೂ ಒಳಗೆ ಹೋಗಬಾರದು. ಪ್ರೀತಿಯಿಂದ ಜೇಬಿಗೆ ತುರುಕಿದ ಮೊಬೈಲಿನ ಬ್ಯಾಟರಿಯೂ ಸಿಡಿಯುತ್ತದೆ.

ಸೌದೆಯ ಚಿತೆಗೆ 400ರಿಂದ 500 ಕಿಲೋ ಒಣ ಸೌದೆ ಬೇಕು. ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ಹಸಿ ಸೌದೆ, ಗಾಳಿಗೆ ಜಾಗವಿಲ್ಲದ ಪೇರಿಕೆ. ದಪ್ಪ ದಿಮ್ಮಿಗಳನ್ನು ಕೆಳಗೆ ಬಿಡಿಬಿಡಿಯಾಗಿ ಹಾಕಿ, ನಡುವೆ ಸಣ್ಣ ಸೀಳುಗಳನ್ನು ತುಂಬಿ. ಎದೆ ಮತ್ತು ಸೊಂಟ ಕೊನೆಗೆ ಉರಿಯುವ ಭಾಗಗಳು, ಹೆಚ್ಚು ಸೌದೆ ಅಲ್ಲಿಗೆ. ಬೆಂಕಿ ಹತ್ತದಿದ್ದರೆ ಪೆಟ್ರೋಲ್ ಸುರಿಯಬೇಡಿ; ಅದರ ಆವಿಗೆ ಬೆಂಕಿ ತಗುಲಿ ಸುರಿದವರೇ ಸುಟ್ಟುಕೊಳ್ಳುತ್ತಾರೆ.

ಹೂಳುವುದಿದ್ದರೆ 2.1 ಮೀಟರ್ ಉದ್ದ, 0.8 ಮೀಟರ್ ಅಗಲ, ಕನಿಷ್ಠ 1.5 ಮೀಟರ್ ಆಳ. ಅಷ್ಟು ಗುಂಡಿಯಿಂದ ಸುಮಾರು 4 ಟನ್ ಮಣ್ಣು ಬರುತ್ತದೆ, ಗಟ್ಟಿ ನೆಲವಾದರೆ ಅಗೆಯುವವರಿಗೆ ಅರ್ಧ ದಿನ ಬೇಕು. ಅಗೆದ ಮಣ್ಣನ್ನು ಅಂಚಿನಿಂದ 60 ಸೆಂಟಿಮೀಟರ್ ದೂರ ಹಾಕಿಸಿ, ಅಂಚಿನಲ್ಲಿ ಜನ ಗುಂಪಾಗಿ ನಿಲ್ಲದಂತೆ ನೋಡಿಕೊಳ್ಳಿ. ಸಡಿಲ ಮಣ್ಣು ಕುಸಿಯುತ್ತದೆ. ಬುಡದಲ್ಲಿ ನೀರು ಒಸರಿದರೆ ಜಾಗ ಬದಲಿಸಿ. ಮುಚ್ಚಿದ ಮೇಲೆ ಮಣ್ಣು ಇಳಿಯುವುದರಿಂದ ದಿಬ್ಬವನ್ನು ಎತ್ತರವಾಗಿಯೇ ಬಿಡಿ. ಕಲ್ಲು ಕಟ್ಟುವುದನ್ನು ಆರು ತಿಂಗಳಿಂದ ಒಂದು ವರ್ಷ ಮುಂದೂಡಿ, ಅವಸರಪಟ್ಟರೆ ಕಲ್ಲು ವಾಲುತ್ತದೆ.

ಬೂದಿ ಕೈಗೆ ಬಂದ ಮೇಲೆ

ವಯಸ್ಕರ ದೇಹದಿಂದ 2ರಿಂದ 3 ಕಿಲೋ ಉಳಿಯುತ್ತದೆ, 3 ಲೀಟರ್‌ಗಿಂತ ಸ್ವಲ್ಪ ದೊಡ್ಡ ಪಾತ್ರೆ ಬೇಕು. ಹಸುಗೂಸುಗಳದ್ದಾದರೆ ಬಹಳ ಕಡಿಮೆ, ಕೆಲವೊಮ್ಮೆ ಏನೂ ಉಳಿಯದಿರಬಹುದು. ತಂದೆತಾಯಿಗೆ ಇದನ್ನು ಮೊದಲೇ ಹೇಳಬೇಕು. ಬೂದಿ ಬಹುಪಾಲು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್. ಕ್ಷಾರವೂ ಉಪ್ಪಿನ ಅಂಶವೂ ಹೆಚ್ಚಿರುವುದರಿಂದ ಗಿಡದ ಬುಡಕ್ಕೆ ಹಾಗೇ ಸುರಿದರೆ ಗಿಡ ಒಣಗುತ್ತದೆ. ಬಹಳಷ್ಟು ಮಣ್ಣಿನಲ್ಲಿ ಬೆರೆಸಿ ಹರಡಿ. ಚಿತೆಯಿಂದ ಅಸ್ಥಿ ಆರಿಸುವುದಿದ್ದರೆ ಮರುದಿನ ಹೋಗಿ, ಬೂದಿಯ ಒಳಗೆ ಕೆಂಡ ರಾತ್ರಿಯಿಡೀ ಇರುತ್ತದೆ. ವಿಮಾನದಲ್ಲಿ ಒಯ್ಯುವಾಗ ಮರ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿ ಇರಲಿ. ಲೋಹದ ಕುಡಿಕೆಯೊಳಗೆ ಎಕ್ಸ್‌ರೇ ಯಂತ್ರಕ್ಕೆ ಏನೂ ಕಾಣುವುದಿಲ್ಲ, ತೆರೆಯಿರಿ ಅನ್ನುತ್ತಾರೆ. ದಹನದ ಪ್ರಮಾಣಪತ್ರ ಜೊತೆಯಲ್ಲಿರಲಿ.

ಚಿತಾಗಾರದ ರಸೀದಿಯನ್ನು ಎಸೆಯಬೇಡಿ, ಮರಣ ನೋಂದಣಿಗೆ ಅದನ್ನು ಕೇಳಬಹುದು. ನೋಂದಣಿಗೆ ದಿನಗಳ ಗಡುವು ಇರುತ್ತದೆ, ಮೀರಿದರೆ ದಂಡ, ಅಫಿಡವಿಟ್ಟು ಎಂದು ಕೆಲಸ ಬೆಳೆಯುತ್ತದೆ. ಪ್ರಮಾಣಪತ್ರದ 8-10 ದೃಢೀಕೃತ ಪ್ರತಿಗಳನ್ನು ಒಂದೇ ಸಲ ತೆಗೆಸಿ. ಪಿಂಚಣಿ ಕೊಡುವವರಿಗೆ ಬೇಗ ತಿಳಿಸಿ, ಸತ್ತ ಮೇಲೆ ಜಮೆಯಾದದ್ದನ್ನು ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ಪಿನ್ ಗೊತ್ತಿದೆ ಎಂದು ಅವರ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯಬೇಡಿ, ಉಳಿದ ವಾರಸುದಾರರ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಅವರ ಮೊಬೈಲ್ ನಂಬರನ್ನು ಮಾತ್ರ ರದ್ದು ಮಾಡಿಸಲು ಓಡಬೇಡಿ. ವಿಮೆ, ವಿದ್ಯುತ್ ಬಿಲ್ಲು, ಇಮೇಲ್ ಎಲ್ಲದರ ಸೂಚನೆ, ಒಟಿಪಿ ಬರುವುದು ಅದಕ್ಕೇ. ಎಲ್ಲ ಖಾತೆಗಳ ವ್ಯವಹಾರ ಮುಗಿಯುವವರೆಗೆ ರೀಚಾರ್ಜ್ ಮಾಡುತ್ತಿರಿ.